ನನ್ನ ರಂಗಮಂದಿರ, ಮಾವನವರ ಮೊಣಕಾಲು

ರಂಗಮಂದಿರ ಕಟ್ಟಿಸುವವರು ಇಂಜಿನಿಯರನ್ನು ಮೊದಲು ಏನು ಕೇಳುತ್ತಾರೆ? ಪಾತ್ರಧಾರಿಗಳಿಗೆ ಎಷ್ಟು ಜಾಗ, ಹಿಮ್ಮೇಳದವರು ಎಲ್ಲಿ ಕೂಡಬೇಕು, ಬಣ್ಣ ಹಚ್ಚಿಕೊಳ್ಳುವ ಕೋಣೆ ಯಾವ ಕಡೆ, ಇಂಥದ್ದೇನೋ ಇರಬೇಕು ಎಂದುಕೊಂಡು ನಾನು ನೋಟ್‌ಬುಕ್ಕು, ಟೇಪು ಹಿಡಿದು ಠೀವಿಯಿಂದ ಕಮಿಟಿಯ ಸಭೆಗೆ ಹೋಗಿದ್ದೆ. ಕಮಿಟಿಯ ಅಧ್ಯಕ್ಷರು ಚಹಾದ ಕಪ್ಪು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

“ಅಕ್ಕಾರ, ಸ್ಟೇಜಿನ ಮ್ಯಾಲ ಕುರ್ಚಿ ಎಷ್ಟು ಹಿಡಿತಾವ್ರಿ?”

“ಆಟದಾಗ ಕುರ್ಚಿ ಯಾಕ ಬೇಕ್ರಿ?” ಎಂದೆ.

“ಆಟಕ್ಕಲ್ರಿ. ಆಟಕ್ಕಿಂತ ಮೊದಲ ಕಾರ್ಯಕ್ರಮ ಇರತೈತಲ್ಲ. ಗಣ್ಯರು ಬರ್ತಾರ.”

ಸಭೆಯಲ್ಲಿದ್ದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಗಣ್ಯರು ಇಳಿದ ಮೇಲೆ ಹೊತ್ತು ಉಳಿದರೆ ಅದರಲ್ಲಿ ಆಟ ಆಡಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಚರ್ಚೆಯಾಗಿ ಕೊನೆಗೆ ನಲವತ್ತು ಕುರ್ಚಿ ಎಂದು ಬರೆದುಕೊಂಡೆ. ನಾನು ಓದಿದ ಕಾಲೇಜಿನಲ್ಲಿ ಭಾರದ ಲೆಕ್ಕ ಕಲಿಸಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಸಮೇತ ನಲವತ್ತು ಗಣ್ಯರ ಭಾರ ಎಷ್ಟೆಂದು ಕಲಿಸಿರಲಿಲ್ಲ.

ನಾನು ಹುಟ್ಟಿದ್ದು ಹಾನಗಲ್ಲಿನಲ್ಲಿ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಸವಣೂರು ತಾಲೂಕಿನಲ್ಲಿ ಹತ್ತಿಮತ್ತೂರಿನ ಕಡೆಯ ಈ ಊರಿಗೆ ಸೊಸೆಯಾಗಿ ಬಂದೆ. ಸವಣೂರಿನಲ್ಲಿ ಒಂದು ಕೋಣೆಯ ಆಫೀಸು ಮಾಡಿಕೊಂಡು ಮನೆಗಳ ಪ್ಲ್ಯಾನು ಹಾಕುತ್ತಿದ್ದೆ. ಮನೆ ಕಟ್ಟುವಾಗ ಇಂಜಿನಿಯರಿಗೆ ಹೆಚ್ಚು ಕೆಲಸವಿರುವುದಿಲ್ಲ. ಬಾಗಿಲು ಯಾವ ದಿಕ್ಕಿಗೆ ಎಂದು ವಾಸ್ತುವಿನವರು ಹೇಳುತ್ತಾರೆ, ಅಡುಗೆಮನೆ ಎಲ್ಲಿ ಎಂದು ಮನೆಯ ಹಿರಿಯ ಹೆಂಗಸು ಹೇಳುತ್ತಾಳೆ, ಕೊನೆಗೆ ಗೌಂಡಿ ತನಗೆ ತಿಳಿದ ಹಾಗೆ ಕಟ್ಟಿ ಮುಗಿಸುತ್ತಾನೆ. ನಾನು ಸಹಿ ಹಾಕುತ್ತೇನೆ. ಹಾಗಾಗಿ ಊರಿಗೊಂದು ರಂಗಮಂದಿರ ಮಂಜೂರಾಗಿ, ಅದರ ನಕ್ಷೆ ನಾನೇ ಮಾಡಬೇಕೆಂದು ಕಮಿಟಿಯವರು ಮನೆಗೆ ಬಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ನಮ್ಮ ಮನೆಯಲ್ಲೇ ಇತ್ತು. ನಮ್ಮ ಮಾವನವರು ಊರಿನ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಾರೆ. ಹಗಲು ಹೊತ್ತಿನಲ್ಲಿ ಅವರು ಮಾತಾಡಿದ್ದು ಎದುರಿಗಿದ್ದ ಎತ್ತಿಗೂ ಕೇಳಿಸುವುದಿಲ್ಲ. ಅತ್ತೆ ಗದರಿದರೆ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಅದೇ ಮನುಷ್ಯ ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಬಂದರೆ ತೊಟ್ಟಿಲ ಕೂಸುಗಳು ಕಿಟಾರನೆ ಕಿರುಚುತ್ತವೆ. ದೊಡ್ಡಾಟದಲ್ಲಿ ರಾಕ್ಷಸ ಬಾಯಿ ಬಿಡುವ ಮೊದಲು ಅವನ ಕಾಲು ಮಾತಾಡಬೇಕು. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಜಿಗಿದು ಎರಡೂ ಪಾದದಿಂದ ಹಲಗೆಯನ್ನು ಒದೆಯಬೇಕು. ಆ ಸಪ್ಪಳಕ್ಕೆ ಹಿಂದಿನ ಸಾಲಿನಲ್ಲಿ ತೂಕಡಿಸುವವರೂ ಎದ್ದು ಕೂಡುತ್ತಾರೆ. ಊರಿನಲ್ಲಿ ಆ ಹೆಜ್ಜೆ ಗೊತ್ತಿರುವುದು ಮಾವನವರೊಬ್ಬರಿಗೇ. ಕಲಿಯಲು ಬಂದವರೆಲ್ಲ ಮೀಸೆ ಅಂಟಿಸಿಕೊಳ್ಳುವವರೆಗೆ ಕಲಿತು ಹೊರಟುಹೋದರು.

ಆಟಕ್ಕಾಗಿ ಪ್ರತಿ ವರ್ಷ ಒಂದು ಅಟ್ಟ ಕಟ್ಟುತ್ತಿದ್ದರು. ಊರ ಬಯಲಿನಲ್ಲಿ ಕಂಬ ಹುಗಿದು, ನಡುವೆ ಖಾಲಿ ಡ್ರಮ್ಮು ನಿಲ್ಲಿಸಿ, ಅಡ್ಡಗಳನ್ನು ಕಟ್ಟಿ, ಮೇಲೆ ಹಲಗೆ ಹಾಸುತ್ತಿದ್ದರು. ಹಲಗೆ ಮನೆಗೊಂದು. ನಮ್ಮೂರಿನಲ್ಲಿ ಒಂದು ಮನೆ ಇದೆಯೆಂದರೆ ಅಲ್ಲಿ ಅಟ್ಟದ ಹಲಗೆ ಒಂದು ಇರಲೇಬೇಕು. ಅಣ್ಣತಮ್ಮಂದಿರು ಬೇರೆಯಾದರೆ ತಮ್ಮನಾದವನು ಹೊಸ ಹಲಗೆ ಕೊಯ್ಯಿಸಬೇಕು. ವರ್ಷವಿಡೀ ಅದರ ಮೇಲೆ ಒಂದು ಮನೆಯವರು ಹಪ್ಪಳ ಒಣಗಿಸುತ್ತಾರೆ, ಇನ್ನೊಂದು ಮನೆಯವರು ಮೋಟರ್‌ಸೈಕಲ್ಲನ್ನು ಕಟ್ಟೆ ಹತ್ತಿಸುತ್ತಾರೆ. ನಮ್ಮ ಅತ್ತೆ ಉಪ್ಪಿನಕಾಯಿ ಭರಣಿ ಇಟ್ಟಿದ್ದರು. ಆಟದ ದಿನ ಎಲ್ಲ ಹಲಗೆಗಳೂ ಬಯಲಿಗೆ ಬರುತ್ತವೆ. ಯಾರ ಹಲಗೆ ನಡುವೆ, ಯಾರದು ಅಂಚಿಗೆ ಎಂದು ಅರ್ಧ ದಿನ ಜಗಳವಾಗುತ್ತದೆ. ಆ ಜಗಳಕ್ಕೂ ಒಳ್ಳೇ ಪ್ರೇಕ್ಷಕರಿರುತ್ತಾರೆ.

ಇದನ್ನೆಲ್ಲ ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಓದಿದ ಸೊಸೆ ನಾನು. ಮಾವನವರು ಈ ವಯಸ್ಸಿನಲ್ಲಿ ಗಡಗಡ ನಡುಗುವ ಅಟ್ಟದ ಮೇಲೆ, ಯಾರದೋ ಮನೆಯ ಹಪ್ಪಳದ ಹಲಗೆಯ ಮೇಲೆ ಜಿಗಿಯುವುದೇ? ಅವರಿಗೆ ಅಲುಗಾಡದ ಗಟ್ಟಿ ನೆಲ ಮಾಡಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತುಬಿಟ್ಟೆ.

ನಕ್ಷೆ ಹಾಕುವ ಮೊದಲು ನಾಲ್ಕು ಕಡೆ ನೋಡಿ ಬರೋಣವೆಂದು ಮಾವನವರನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ತಿರುಗಿದೆ. ಶಿಗ್ಗಾಂವಿ ಕಡೆಯ ಒಂದು ಊರಿನಲ್ಲಿ ಸ್ಟೇಜು ಎಷ್ಟು ಎತ್ತರವಿತ್ತೆಂದರೆ ಮುಂದೆ ಕೂತವರಿಗೆ ಪಾತ್ರಧಾರಿಯ ಗದ್ದ ಬಿಟ್ಟು ಏನೂ ಕಾಣಿಸುವಂತಿರಲಿಲ್ಲ. ಹಿರೇಕೆರೂರಿನ ಕಡೆ ಒಂದು ರಂಗಮಂದಿರದ ತುಂಬ ಗೋವಿನಜೋಳ ಒಣಗುತ್ತಿತ್ತು. ಕಾಯುತ್ತಿದ್ದ ಮುದುಕಿ ಚಪ್ಪಲಿ ಬಿಟ್ಟು ಬರ್ರಿ ಎಂದಳು. ನಮ್ಮ ಹಾನಗಲ್ಲಿನ ಕಡೆ ಒಂದರಲ್ಲಿ ಸ್ಟೇಜಿನ ನಟ್ಟನಡುವೆ ಒಂದು ಕಾಲಂ ನಿಂತಿತ್ತು. ಅದು ಯಾವ ನಾಟಕದಲ್ಲಿ ಯಾವ ಪಾತ್ರ ಮಾಡುತ್ತದೋ ಗೊತ್ತಾಗಲಿಲ್ಲ. ನಾನು ಎಲ್ಲ ಕಡೆ ಅಳತೆ ತೆಗೆದುಕೊಂಡು, ಎಲ್ಲರ ತಪ್ಪನ್ನೂ ಬರೆದುಕೊಂಡೆ. ಮಾವನವರು ಪ್ರತಿ ಸ್ಟೇಜನ್ನೂ ಹತ್ತಿ, ಹಿಮ್ಮಡಿಯಿಂದ ಒಮ್ಮೆ ಗುದ್ದಿ, ಸುಮ್ಮನೆ ಇಳಿದು ಬರುತ್ತಿದ್ದರು. ಯಾಕೆ ಗುದ್ದುತ್ತೀರಿ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಟೇಪು ಹಿಡಿದವಳಿಗೆ ಅಷ್ಟು ಸೊಕ್ಕಿತ್ತು.

ನಕ್ಷೆ ತೋರಿಸಿದಾಗ ಕಮಿಟಿಯವರು ತಿದ್ದುಪಡಿ ಶುರು ಮಾಡಿದರು. ಒಬ್ಬರು ಗೊಟಗೋಡಿಯ ರಾಕ್ ಗಾರ್ಡನ್ ನೋಡಿ ಬಂದಿದ್ದರು. ಅಲ್ಲಿಯ ಹಾಗೆ ಮುಂದೆ ಎರಡು ಸಿಮೆಂಟಿನ ಎತ್ತು ನಿಲ್ಲಿಸಬೇಕೆಂದರು. ಊರ ತುಂಬ ಜೀವಂತ ಎತ್ತು ಇರುವಾಗ ಸಿಮೆಂಟಿನವು ಯಾಕೆಂದು ಅದನ್ನು ಹೇಗೋ ತಪ್ಪಿಸಿದೆ. ಆದರೆ ಅಧ್ಯಕ್ಷರ ಬೀಮನ್ನು ತಪ್ಪಿಸಲಾಗಲಿಲ್ಲ. ಸ್ಟೇಜಿನ ಮುಂದೆ, ಮೇಲುಗಡೆ, ಅಡ್ಡಲಾಗಿ ಒಂದು ಅಗಲ ಬೀಮ್ ಬರಬೇಕು, ಅದರ ಮೇಲೆ ಕಮಿಟಿಯ ಎಲ್ಲರ ಹೆಸರು ಬರೆಸಬೇಕು. ನಾನು ಸ್ಟೇಜಿನ ನೆಲದಿಂದ ಹದಿನೆಂಟು ಅಡಿ ಎತ್ತರದಲ್ಲಿ ತೋರಿಸಿದ್ದೆ.

“ಅಷ್ಟ ಮ್ಯಾಲ ಯಾರು ಓದ್ತಾರ್ರಿ? ಕೆಳಗ ತರ್ರಿ,” ಎಂದರು.

ಹನ್ನೊಂದು ಅಡಿಗೆ ತಂದೆ. ಬಣ್ಣದ ಕೋಣೆಯನ್ನು ಕುರ್ಚಿ ಇಡುವ ಕೋಣೆ ಮಾಡಿದರು. ನೆಲಕ್ಕೆ ಮುಖ ಕಾಣುವಂಥ ಟೈಲ್ಸು ಆರಿಸಿದ್ದು ಮಾತ್ರ ನಾನೇ. ಸ್ಟೇಜಿನ ನೆಲದ ಸ್ಲ್ಯಾಬು ಹಾಕಿದ ಮೇಲೆ ದಿನಕ್ಕೆರಡು ಸಲ ನೀರುಣಿಸುವುದನ್ನು ನಿಂತು ನೋಡಿಕೊಂಡೆ. ಒಂದೇ ಒಂದು ಬಿರುಕಿಲ್ಲದ ಕೆಲಸ. ಮುಗಿದ ದಿನ ಮಾವನವರು ಟೈಲ್ಸಿನ ಮೇಲೆ ಅಂಗೈ ಆಡಿಸಿ, “ಭಾಳ ನುಣ್ಣಗ ಆಗೇತವಾ,” ಎಂದರು. ಹೊಗಳಿದರೆಂದು ಹಿಗ್ಗಿ ಹೀರೇಕಾಯಿಯಾದೆ.

ಉದ್ಘಾಟನೆಯ ದಿನವೇ ದೊಡ್ಡಾಟ ಎಂದು ನಿಶ್ಚಯವಾಯಿತು. ಇನ್ನು ಹದಿನೈದು ದಿನ ಇರುವಾಗ ಹೊಸ ಸ್ಟೇಜಿನ ಮೇಲೆ ತಾಲೀಮು ಶುರುವಾಯಿತು. ಸಂಜೆ ಐದರ ಹೊತ್ತು. ಮಾವನವರು ಗೆಜ್ಜೆ ಕಟ್ಟಿಕೊಂಡು, ನೆಲ ಮುಟ್ಟಿ ನಮಸ್ಕರಿಸಿ, ಹಿಂದಿನಿಂದ ಓಡಿಬಂದು ಮದ್ದಳೆಯ ಗತ್ತಿಗೆ ಸರಿಯಾಗಿ ಜಿಗಿದು ಇಳಿದರು.

ಚಪ್.

ಬಚ್ಚಲಿಗೆ ಹೊರಟ ಮನುಷ್ಯನ ಕಾಲಿನ ಸಪ್ಪಳ. ಗೆಜ್ಜೆ ಕೇಳಿಸಿತು, ಕಾಲು ಕೇಳಿಸಲಿಲ್ಲ. ಮದ್ದಳೆಯವರು ಬಾರಿಸುವುದನ್ನು ನಿಲ್ಲಿಸಿ ತಮ್ಮ ಮದ್ದಳೆಯನ್ನೇ ತಿರುಗಿಸಿ ನೋಡಿಕೊಂಡರು. ಮಾವನವರು ಇನ್ನೂ ಎತ್ತರ ಜಿಗಿದರು. ಮತ್ತೆ ಚಪ್. ಹಲಗೆಯಾಗಿದ್ದರೆ ಬಾಗಿ ಕಾಲನ್ನು ಮೇಲಕ್ಕೆ ಎತ್ತಿ ಕೊಡುತ್ತಿತ್ತು. ನನ್ನ ಸ್ಲ್ಯಾಬು ಬಾಗುವುದಿಲ್ಲ. ಬಾಗಬಾರದೆಂದೇ ಅಷ್ಟು ಕಬ್ಬಿಣ ಹಾಕಿಸಿದ್ದೆ. ಬಲ ಸಾಲದೇನೋ ಎಂದು ಅವರು ಮೂರು ದಿನ ಹಟಕ್ಕೆ ಬಿದ್ದು ಒದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎಡ ಮೊಣಕಾಲು ಕುಂಬಳಕಾಯಿಯಾಗಿತ್ತು.

ಸವಣೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಈ ವಯಸ್ಸಿನ್ಯಾಗ ಕಲ್ಲಿನ ಮ್ಯಾಲ ಯಾರ್ ಕುಣಿ ಅಂದ್ರು ನಿಮಗ? ಇನ್ನೊಂದ್ ದಿನ ಹಂಗ ಕುಣದ್ರ ಕೋಲು ಹಿಡಕೊಂಡು ಅಡ್ಡ್ಯಾಡಬೇಕಾಕ್ಕೇತಿ,” ಎಂದರು. ಮಾವನವರು ನನ್ನ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅವರು ಪಟ್ಟ ಕಷ್ಟ ನನಗೆ ಕಾಣಿಸುತ್ತಿತ್ತು.

ಅತ್ತೆಗೆ ಅಂಥ ದಾಕ್ಷಿಣ್ಯವೇನಿಲ್ಲ. ಎಣ್ಣೆ ಕಾಸಿ ಕಾಲು ನೀವುತ್ತ, ಓಣಿಗೆಲ್ಲ ಕೇಳುವಂತೆ ಹೇಳಿದರು. “ಸೊಸಿ ಬಂದ್ರ ಮಾವಗ ಬಿಸಿ ರೊಟ್ಟಿ ಮಾಡಿ ಹಾಕ್ತಾರ. ಕಾಲು ಮುರಿಯಾಕ ಕಟ್ಟಿ ಕಟ್ಟಿಸಿ ಕೊಟ್ಟಾಕಿ ನಮ್ಮಾಕಿ ಒಬ್ಬಾಕಿನ.”

ನನಗೆ ಸಿಟ್ಟು ಬಂತು. ತಪ್ಪು ನನ್ನದಾಗಿದ್ದರಿಂದ ಇನ್ನೂ ಹೆಚ್ಚು ಬಂತು. ಮಾವನವರ ಮುಂದೆ ಹೋಗಿ ನಿಂತೆ.

“ಸಪ್ಪಳ ಬರೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತಿಲ್ರಿ? ಎಲ್ಲಾ ಕಡೆ ಒದ್ದು ನೋಡೀರಿ. ಯಾಕ ಹೇಳಲಿಲ್ರಿ ಮಾವಾರ?”

“ಅಷ್ಟು ಖುಷೀಲೆ ಕಟ್ಟಾಕತ್ತಿದ್ದಿ,” ಎಂದರು. “ಏನಂತ ಹೇಳ್ಲವಾ?”

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವರ ದನಿ ಬಂತು. “ಕಾಳಜಿ ಮಾಡಬ್ಯಾಡ. ಅದರ ಮ್ಯಾಲನ ಕುಣಿತೇನಿ. ಉದ್ಘಾಟನಾ ದಿನ ನಿನ್ನ ಸ್ಟೇಜು ಖಾಲಿ ಇಡಾಕ ಬರೂದಿಲ್ಲ. ಒಂದ ದಿನದ ಮಾತು.”

ಅಂದರೆ ನನ್ನ ಮಾನ ಉಳಿಸಲು ತಮ್ಮ ಕಾಲು ಕೊಡುವುದೆಂದು ಅವರು ತೀರ್ಮಾನಿಸಿಯಾಗಿತ್ತು. ಅವರು ಕುಣಿಯದಿದ್ದರೆ ಆಟವಿಲ್ಲ, ಕುಣಿದರೆ ಕಾಲಿಲ್ಲ.

ಪ್ರತಿ ವರ್ಷ ಅಟ್ಟ ಕಟ್ಟುತ್ತಿದ್ದ ಬಡಿಗ ಅಜ್ಜನನ್ನು ಕರೆಸಿದೆ. ಹೊಸ ರಂಗಮಂದಿರ ಮಂಜೂರಾದಾಗಿನಿಂದ ಅವರನ್ನು ಯಾರೂ ಕರೆದಿರಲಿಲ್ಲ. ನಾನಂತೂ ಅವರು ಇದ್ದಾರೆಂಬುದನ್ನೇ ಮರೆತಿದ್ದೆ. ಅಜ್ಜ ಬಂದು, ಟೈಲ್ಸಿನ ಮೇಲೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸಿ, ಬಿಡದೆ ಹತ್ತಿದರು.

“ಇದರ ಮ್ಯಾಲ ಹಲಗಿ ಹಾಸಿದ್ರ ಆಗೂದಿಲ್ಲೇನ್ರಿ ಅಜ್ಜಾರ?” ಎಂದೆ.

“ಕೆಳಗ ಪೊಳ್ಳ ಇರಬೇಕು ತಂಗಿ. ಆಳೆತ್ತರ ಬ್ಯಾಡ, ಎದಿಮಟ್ಟರ ಬೇಕು.”

“ಎದಿಮಟ್ಟ ಏರಿಸೂಣು.”

ಅಜ್ಜ ತಲೆ ಎತ್ತಿ ಅಧ್ಯಕ್ಷರ ಬೀಮ್ ನೋಡಿದರು. ನಾನೂ ನೋಡಿದೆ. ಹನ್ನೊಂದರಲ್ಲಿ ನಾಲ್ಕು ಹೋದರೆ ಏಳು. ಮಾವನವರೇ ಆರಡಿ, ಕಿರೀಟ ಎರಡಡಿ. ರಾಕ್ಷಸ ಜಿಗಿಯುವುದಿರಲಿ, ನೆಟ್ಟಗೆ ನಿಂತರೂ ಕಮಿಟಿಯವರ ಹೆಸರಿಗೇ ಕಿರೀಟ ಬಡಿಯಬೇಕು.

“ಅದು ಹೋಗ್ಲಿ. ಕಂಬ ಎಲ್ಲಿ ಹುಗೀಲಿ?” ಎಂದು ಅಜ್ಜ ಕೇಳಿದರು. ಅಟ್ಟ ನಿಲ್ಲುವುದೇ ಕಂಬ ಮಣ್ಣಿನಲ್ಲಿ ಎರಡಡಿ ಇಳಿದಿರುವುದರಿಂದ. ನಾನು ಮಣ್ಣನ್ನೇ ಉಳಿಸಿರಲಿಲ್ಲ. ಆದರೂ ಇಟ್ಟಂಗಿ ಇಟ್ಟು ನಾಲ್ಕು ಹಲಗೆ ಹಾಸಿ ನೋಡಿದೆವು. ಅಜ್ಜ ಮೇಲೆ ಕಾಲಿಟ್ಟಕೂಡಲೇ ಟೈಲ್ಸಿನ ಮೇಲೆ ಇಟ್ಟಂಗಿ ಜಾರಿ, ಅವರು ನನ್ನ ತೋಳು ಹಿಡಿದು ನಿಂತರು. ನುಣ್ಣಗಿರಲೆಂದು ಆರಿಸಿದ್ದು ನಾನೇ ತಾನೆ.

ಆ ಸಂಜೆ ನಾನೇ ಸಭೆ ಕರೆಸಿದೆ. ಕಮಿಟಿಯವರ ಮುಂದೆ ಎದ್ದು ನಿಂತೆ. ನನ್ನದೆನ್ನಬಹುದಾದ ಮೊದಲ ಕಟ್ಟಡ, ಅದನ್ನು ನಾನೇ ಕೆಲಸಕ್ಕೆ ಬಾರದ್ದು ಎನ್ನಬೇಕು.

“ನಾ ಕಟ್ಟಿದ್ದು ಆಟಕ್ಕ ಬರೂದಿಲ್ರಿ,” ಎಂದೆ. “ತಪ್ಪು ನನ್ನದು. ಕುಣಿಯೋರನ್ನ ಕೇಳದ ಕಟ್ಟಿದೆ. ರಂಗಮಂದಿರದ ಎದುರಿಗೆ ಬಯಲಾಗ ಯಾವಾಗಿನಂಗ ಅಟ್ಟ ಕಟ್ಟೂಣು.”

ಅಧ್ಯಕ್ಷರ ಮುಖ ಕಪ್ಪಿಟ್ಟಿತು. “ಮತ್ತ ರಂಗಮಂದಿರದಾಗ ಏನ್ ಮಾಡೂದ್ರಿ ಅಕ್ಕಾರ? ಉದ್ಘಾಟನಾ ಐತಿ, ಕಾರ್ಡು ಹಂಚೇವಿ.”

ಇದಕ್ಕೆ ಉತ್ತರವನ್ನು ನಾನು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದೆ. “ಗಣ್ಯರು ಅಲ್ಲೇ ಕುಂದರ್ತಾರ್ರಿ. ಕಾರ್ಯಕ್ರಮ ಮುಗದ ಮ್ಯಾಲ ಇಳಿಯೂ ಕೆಲಸ ಇಲ್ಲ. ಫ್ಯಾನ್ ಕೆಳಗ ನಲವತ್ತೂ ಕುರ್ಚಿ ಹಂಗ ಇರ್ಲಿ. ಆಟ ಮುಗಿಯೂ ತನಕ ಊರಿನ ಮಂದಿ ಅವರನ್ನೂ ನೋಡಬಹುದು, ಮ್ಯಾಲಿನ ಹೆಸರೂ ಓದಬಹುದು.”

ಅಧ್ಯಕ್ಷರು ಯೋಚಿಸಿದರು. ಅವರ ಇಷ್ಟು ವರ್ಷದ ರಾಜಕೀಯದಲ್ಲಿ ಸ್ಟೇಜಿನಿಂದ ಇಳಿಯಬೇಕಿಲ್ಲದ ಕಾರ್ಯಕ್ರಮ ಒಂದೂ ಬಂದಿರಲಿಲ್ಲ. “ಹಂಗಂದ್ರ ನಾವು ಕಡೀತನಕ ಸ್ಟೇಜಿನ ಮ್ಯಾಲನ ಇರ್ತೇವಿ ಅನ್ರಿ,” ಎಂದರು. ಹೂಂ ಎಂದೆ. ಮರುಮಾತಿಲ್ಲದೆ ಒಪ್ಪಿದರು.

ಆಟದ ದಿನ ಬೆಳಿಗ್ಗೆ ಅತ್ತೆ ಉಪ್ಪಿನಕಾಯಿ ಭರಣಿಗಳನ್ನು ಒಂದೊಂದಾಗಿ ಇಳಿಸಿದರು. ನಾನೂ ಅವರೂ ಹಲಗೆಯ ಎರಡು ತುದಿ ಹಿಡಿದು ಬಯಲಿಗೆ ಒಯ್ದೆವು. ಬಯಲು ಮುಟ್ಟಿದ ಮೇಲೆ ಅವರು, ನಮ್ಮ ಹಲಗೆ ನಡುವಿನಿಂದ ತುಸು ಎಡಕ್ಕೆ, ರಾಕ್ಷಸ ಎಡಗಾಲಿಡುವ ಜಾಗದಲ್ಲೇ ಬೀಳಬೇಕೆಂದು ಮೂರು ಮನೆಯವರ ಜೊತೆ ಜಗಳ ತೆಗೆದು ಗೆದ್ದರು. ನಾನು ಬಡಿಗ ಅಜ್ಜನ ಕೈಕೆಳಗೆ ದುಡಿದೆ. ಹಗ್ಗ ಎಳೆ ಎಂದರೆ ಎಳೆದೆ, ಬಿಡು ಎಂದರೆ ಬಿಟ್ಟೆ. ಅವರು ಲೆವೆಲ್ಲು, ಟೇಪು ಏನೂ ಮುಟ್ಟಲಿಲ್ಲ. ಕಂಬಕ್ಕೆ ಕಿವಿ ಹಚ್ಚಿ ಇನ್ನೊಂದು ತುದಿಯಲ್ಲಿ ಬಡಿಸುತ್ತಿದ್ದರು. ನಾನೂ ಕಿವಿ ಹಚ್ಚಿದೆ. ಏನು ಕೇಳಬೇಕೆಂದು ಅವರು ಹೇಳಿಕೊಟ್ಟರು.

ಮೈಕಿಗೆ ಹತ್ತು ಗಂಟೆಯವರೆಗೆ ಮಾತ್ರ ಪರವಾನಗಿ ಇದ್ದದ್ದರಿಂದ ಏಳಕ್ಕೇ ಆಟ ಇಟ್ಟಿದ್ದರು. ಗಣ್ಯರು ಇಳಿಯಬೇಕಿರಲಿಲ್ಲವಾದ್ದರಿಂದ ಭಾಷಣಗಳೂ ಬೇಗ ಮುಗಿದವು. ನನ್ನ ರಂಗಮಂದಿರದ ಫಳಫಳ ಟೈಲ್ಸಿನ ಮೇಲೆ ನಲವತ್ತು ಜನ ಶಾಲು ಹೊದ್ದು ಕೂತಿದ್ದರು. ಉಳಿದ ಊರು ಅಟ್ಟದ ಸುತ್ತ ನೆಲದ ಮೇಲಿತ್ತು. ನನಗೆ ಮಾತ್ರ ಕೂಡಲು ಮನಸ್ಸಾಗಲಿಲ್ಲ. ಎಷ್ಟಾದರೂ ಇಂಜಿನಿಯರು, ಕೊನೆಯ ಸಲ ಕಟ್ಟು ನೋಡೋಣವೆಂದು ಟಾರ್ಚು ಹಿಡಿದು ಅಟ್ಟದ ಕೆಳಗೆ ನುಸುಳಿದೆ. ಅಷ್ಟರಲ್ಲಿ ಮದ್ದಳೆ ಶುರುವಾಯಿತು. ಹೊರಗೆ ಬರುವ ದಾರಿಯ ತುಂಬ ಹೆಂಗಸರು ಕೂತಾಗಿತ್ತು. ಡ್ರಮ್ಮುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ನಮ್ಮ ಹಲಗೆ ಯಾವುದೆಂದು ಹುಡುಕಿ, ಅದಕ್ಕೆ ಕೆಳಗಿನಿಂದ ಅಂಗೈ ಒತ್ತಿ ಹಿಡಿದೆ.

ಮಾವನವರು ಬಂದರು. ಆ ಸಪ್ಪಳ ಕಿವಿಗೆ ಬೀಳುವ ಮೊದಲು ಎದೆಗೆ ಬಿತ್ತು. ಹಲಗೆಯ ಸಂದಿನಿಂದ ನನ್ನ ತಲೆಯ ಮೇಲೆ ಧೂಳು, ಉಪ್ಪಿನಕಾಯಿಯ ಖಾರದ ಪುಡಿ ಉದುರಿತು. ಹೊರಗೆ ಜನ ಹೋ ಎಂದು ಕೂಗಿದರು, ಎಲ್ಲೋ ಒಂದು ಕೂಸು ಕಿರುಚಿತು. ಗೆದ್ದೆವು ಎಂದುಕೊಂಡೆ. ಕತ್ತಲಲ್ಲಿ ಒಬ್ಬಳೇ ನಕ್ಕೆ.

ಎರಡನೆಯ ಸುತ್ತಿಗೆ ತಿಳಿಯಿತು. ಬಲಗಾಲಿನ ಪೆಟ್ಟು ಡ್ರಮ್ಮಿನೊಳಗೆಲ್ಲ ಗುಡುಗುತ್ತಿತ್ತು. ಎಡಗಾಲು ಬರುವಾಗ ಬರೀ ಗೆಜ್ಜೆ. ಅವರು ಎಡಗಾಲನ್ನು ಹಲಗೆಗೆ ಒದೆಯುತ್ತಿರಲಿಲ್ಲ, ಮೆಲ್ಲಗೆ ತಂದು ಇಡುತ್ತಿದ್ದರು. ಆ ಖಾಲಿ ಜಾಗವನ್ನು ಮದ್ದಳೆಯವರು ಒಂದು ಪೆಟ್ಟು ಹೆಚ್ಚು ಹಾಕಿ ತುಂಬುತ್ತಿದ್ದರು. ಹೊರಗೆ ಕೂತ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ. ಆಟ ಮುಗಿಯುವವರೆಗೆ ನಾನು ಆ ಎಡಗಾಲಿಗಾಗಿ ಕಾದೆ. ಅದು ಬರಲಿಲ್ಲ. ನಾನು ಕಟ್ಟಿದ ನೆಲ ಅದನ್ನು ಮೂರೇ ದಿನದಲ್ಲಿ ತಿಂದು ಮುಗಿಸಿತ್ತು. ಅಟ್ಟದ ಕೆಳಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಮಾವನವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಕೆನ್ನೆಯ ಮೇಲೆ ಇನ್ನೂ ಬಣ್ಣವಿತ್ತು. ಚಹಾ ಕೊಟ್ಟು ಅಲ್ಲೇ ನಿಂತೆ.

“ಅಟ್ಟದ ಕೆಳಗ ಇದ್ದಿಯಂತ, ಬಡಿಗ ಅಜ್ಜ ಹೇಳಿದ,” ಎಂದರು. “ಹೆಂಗ ಕೇಳಸ್ತವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಎಡಗಾಲು ಕೇಳಸಲಿಲ್ರಿ ಮಾವಾರ.”

ಅವರು ಚಹಾವನ್ನು ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದರು.

“ಹೌದು. ಎಡಗಡೆ ಹಲಗಿ ಸಡಲ ಇತ್ತವಾ. ಒದ್ರ ಸಪ್ಪಳನ ಕೊಡವಲ್ದು,” ಎಂದರು. “ಮುಂದಿನ ವರ್ಷ ಬಿಗಿ ಮಾಡಿಸಬೇಕು.”

ಮೂರು ತಾಸು ಆ ಹಲಗೆಗೆ ಅಂಗೈ ಒತ್ತಿಕೊಂಡು ಕೂತವಳು ನಾನು. ಕೂದಲೆಳೆಯಷ್ಟೂ ಸಡಿಲವಿರಲಿಲ್ಲ.

“ಹೂನ್ರಿ,” ಎಂದೆ. “ಸಡಲ ಇತ್ತು.”